ತೊಗಲಿನ ತುಂಡಿನಿಂದ ಬ್ರೇಕ್ ಪ್ಯಾಡಿನವರೆಗೆ

ಕಳೆದ ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ಏಳು ಸೀಟಿನ ದೊಡ್ಡ ಗಾಡಿ, ಏಳು ಜನ, ಮೇಲಿನ ಕ್ಯಾರಿಯರಿನ ತುಂಬ ಲಗೇಜು. ಆಗುಂಬೆಯ 14 ತಿರುವುಗಳನ್ನು ಇಳಿದು ಸೋಮೇಶ್ವರಕ್ಕೆ ಬರುವಷ್ಟರಲ್ಲಿ ಸುಟ್ಟ ವಾಸನೆ ಶುರುವಾಯಿತು. ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತಿತ್ತು, ಪೆಡಲ್ ಎಂದಿಗಿಂತ ಆಳಕ್ಕೆ ಹೋಗುತ್ತಿತ್ತು. ಹಿಂದೆ ಕೂತಿದ್ದ ಅಮ್ಮ, "ಯಾರೋ ರಬ್ಬರ್ ಸುಡ್ತಿದ್ದಾರೆ ಕಣೋ" ಎಂದರು. ನಾನು ಮಾತಾಡಲಿಲ್ಲ.

ಹೆಬ್ರಿಯ ಹತ್ತಿರ ಒಂದು ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿದೆ. ಡಿಸ್ಕ್ ನೀಲಿಗಟ್ಟಿತ್ತು. ಪ್ಯಾಡು ನಾಣ್ಯದಷ್ಟು ತೆಳ್ಳಗಾಗಿತ್ತು. ಮೆಕ್ಯಾನಿಕ್ ಎರಡು ಡಬ್ಬಿ ತಂದಿಟ್ಟರು. ಒಂದರ ಬೆಲೆ ಇನ್ನೊಂದರ ಮೂರು ಪಟ್ಟು. "ಎರಡೂ ಕೂತ್ಕೊಳ್ತದೆ ಮಾರಾಯ್ರೆ. ಯಾವುದು ಹಾಕುವುದು, ನೀವೇ ಹೇಳಿ" ಎಂದರು. ಅಂಗೈಯಗಲದ ಆ ಎರಡು ವಸ್ತುಗಳ ನಡುವೆ ಆರಿಸುವುದು ಹೇಗೆ? ಅದಕ್ಕೆ ಉತ್ತರ ಹುಡುಕುತ್ತ ಹೋದರೆ ನೂರಮೂವತ್ತು ವರ್ಷಕ್ಕೂ ಹಿಂದೆ, ತವರಿಗೆ ಹೊರಟ ಒಬ್ಬ ಹೆಣ್ಣುಮಗಳ ಹತ್ತಿರ ಹೋಗಿ ನಿಲ್ಲಬೇಕಾಗುತ್ತದೆ.

1888ರ ಆಗಸ್ಟ್. ಜರ್ಮನಿಯ ಮಾನ್‌ಹೈಮ್‌ನಿಂದ ಬರ್ಥಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನು ಕಟ್ಟಿದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಫೋರ್ಟ್ಸ್‌ಹೈಮ್‌ನ ತಾಯಿಮನೆಗೆ ಹೊರಟಳು. ಸುಮಾರು ನೂರು ಕಿಲೋಮೀಟರ್ ದಾರಿ. ಅಷ್ಟು ದೂರ ಅದುವರೆಗೆ ಯಾರೂ ಮೋಟಾರು ಗಾಡಿ ಓಡಿಸಿರಲಿಲ್ಲ. ಏರಿನಲ್ಲಿ ಗಾಡಿ ತಳ್ಳಬೇಕಾಯಿತು. ಇಳಿಜಾರಿನಲ್ಲಿ ಬೇರೆಯದೇ ತೊಂದರೆ: ಚಕ್ರಕ್ಕೆ ಒತ್ತಿಕೊಳ್ಳುವ ಮರದ ಬ್ರೇಕು ಸವೆದುಹೋಯಿತು. ಬರ್ಥಾ ದಾರಿಯಲ್ಲಿ ಸಿಕ್ಕ ಊರಿನ ಚಪ್ಪಲಿ ಹೊಲಿಯುವವನ ಬಳಿ ನಿಂತು ಆ ಮರಕ್ಕೆ ತೊಗಲು ಹೊಡೆಸಿಕೊಂಡಳು. ಮೋಟಾರು ಗಾಡಿಯ ಚರಿತ್ರೆಯಲ್ಲಿ ಅದೇ ಮೊದಲ ಬ್ರೇಕ್ ಲೈನಿಂಗ್ ಎನ್ನುತ್ತಾರೆ. ಗಾಡಿಯನ್ನು ನಿಲ್ಲಿಸುವ ಭಾಗ ಬೇರೆ, ನಿಲ್ಲಿಸುವಾಗ ತಾನು ಸವೆದುಹೋಗುವ ಭಾಗ ಬೇರೆ ಎಂಬ ತಿಳಿವಳಿಕೆ ಅಲ್ಲಿಂದ ಬಂತು. ಇವತ್ತಿನ ಪ್ಯಾಡು ಆ ತೊಗಲಿನ ಮೊಮ್ಮಗ.

ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಾಡಿನಲ್ಲೂ ಚಪ್ಪಲಿಯೇ ದಾರಿ ತೋರಿತಂತೆ. ಇಳಿಜಾರಿನಲ್ಲಿ ಗಾಡಿ ಹಿಡಿದು ನಿಲ್ಲಿಸಲು ರೈತರು ಬ್ರೇಕಿನ ಕಟ್ಟಿಗೆಗೆ ಹಳೆಯ ಬೂಟು ಹೊಡೆದಿದ್ದನ್ನು ಹರ್ಬರ್ಟ್ ಫ್ರೂಡ್ ನೋಡಿದ ಎಂಬ ಕತೆಯಿದೆ. ಅವನು 1897ರಲ್ಲಿ ಬ್ರೇಕ್ ಲೈನಿಂಗ್ ತಯಾರಿಕೆಗೆ ಇಳಿದ. ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ, ನಡುವೆ ಹೆಂಡತಿ ಎಲಿಜಬೆತ್‌ಳ ಮೊದಲ ಅಕ್ಷರ ಸೇರಿಸಿದಾಗ 'ಫೆರೋಡೊ' ಆಯಿತು. ಮೊದಲು ಹತ್ತಿಯಂಥ ನಾರುಗಳ ಪಟ್ಟಿ ಮಾಡುತ್ತಿದ್ದ. ಮೋಟಾರಿನ ವೇಗ ಹೆಚ್ಚಿದಂತೆ ಅವು ಸುಟ್ಟು ಕರಕಲಾಗತೊಡಗಿದವು. ಬಿಸಿಗೆ ಜಗ್ಗದ ನಾರು ಬೇಕಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅದು ಸಿಕ್ಕಿತು: ಕಲ್ಲುನಾರು, ಅಂದರೆ ಆಸ್ಬೆಸ್ಟಾಸ್.

ಅದರ ಬೆಲೆ ತೆತ್ತವರು ಗಾಡಿ ಓಡಿಸುವವರಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನ ಆಸ್ಬೆಸ್ಟಾಸ್ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ, 33ನೇ ವಯಸ್ಸಿಗೆ, ಉಸಿರು ಕಟ್ಟಿ ಸತ್ತಳು. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ಡಾಕ್ಟರ್ ವಿಲಿಯಂ ಕುಕ್ ಅದೇ ವರ್ಷ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು: ಆ ನಾರಿನ ಚೂರುಗಳೇ ಶ್ವಾಸಕೋಶವನ್ನು ಗಟ್ಟಿಮಾಡಿದ್ದವು. ಆದರೂ ಬ್ರಿಟನ್ ಆಸ್ಬೆಸ್ಟಾಸನ್ನು ಪೂರ್ತಿ ನಿಷೇಧಿಸಲು 1999ರವರೆಗೆ ಕಾಯಿತು. ಅಮೆರಿಕ ಬಿಳಿ ಆಸ್ಬೆಸ್ಟಾಸಿನ ಮೇಲೆ ನಿಷೇಧ ಹೊರಡಿಸಿದ್ದು 2024ರಲ್ಲಿ. ನಮ್ಮಲ್ಲಿ ಆಮದಾಗುವ ಬಿಳಿ ಆಸ್ಬೆಸ್ಟಾಸಿನ ಬಳಕೆ ಇನ್ನೂ ನಿಂತಿಲ್ಲ.

ಇನ್ನು ಡಿಸ್ಕಿನ ಕತೆ. ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಚಿಮಟದಂತೆ ಹಿಡಿಯುವ ಬ್ರೇಕಿಗೆ ಬರ್ಮಿಂಗ್‌ಹ್ಯಾಮ್‌ನ ಫ್ರೆಡರಿಕ್ ಲಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದ. ಲೋಹಕ್ಕೆ ಲೋಹ ಉಜ್ಜಿ ಕಿವಿ ಹರಿಯುವ ಸದ್ದು ಬರುತ್ತಿತ್ತು. ಮುಂದಿನ ಅರ್ಧ ಶತಮಾನ ಕಾರುಗಳಲ್ಲಿ ಡ್ರಮ್ ಬ್ರೇಕೇ ಆಳಿತು. ಡ್ರಮ್ಮಿಗೆ ಒಂದು ಹುಟ್ಟುದೋಷ: ಬಿಸಿಯಾದರೆ ಅದು ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ, ಬ್ರೇಕ್ ಅತಿ ಬೇಕಾದಾಗಲೇ ಹಿಡಿತ ಸಡಿಲ. ಡಿಸ್ಕ್ ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ಗಾಳಿಗೂ ತೆರೆದಿರುತ್ತದೆ. 1953ರಲ್ಲಿ ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಾಗ ಜಗತ್ತು ಕಣ್ಣು ತೆರೆಯಿತು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಅದನ್ನು ಸಾಮಾನ್ಯ ರಸ್ತೆಗೆ ತಂದಿತು.

ಈಗ ನಮ್ಮ ಗಾಡಿಗೆ ಬರೋಣ. ಜನ, ಸಾಮಾನು ಸೇರಿ ತೂಕ ಎರಡೂವರೆ ಟನ್ ಅಂದುಕೊಳ್ಳಿ. ಅದು 500 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1.2 ಕೋಟಿ ಜೌಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಎಲ್ಲವನ್ನೂ ಬ್ರೇಕಿಗೇ ಬಿಟ್ಟರೆ ಅದು ಬಚ್ಚಲ ಹಂಡೆಯ 40 ಲೀಟರ್ ನೀರನ್ನು ಕುದಿ ಬರಿಸುವಷ್ಟು ಕಾವು. ಆ ಕಾವನ್ನು ಹೊರುವುದು ಡಿಸ್ಕು. ಹಾಗಾಗಿ ಭಾರದ ಗಾಡಿಗೆ ಡಿಸ್ಕ್ ಎಂದರೆ ಮೊದಲು ನೋಡಬೇಕಾದ್ದು ದಪ್ಪ. ಅದರ ಅಂಚಿನಲ್ಲಿ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಲೇಥಿಗೆ ಹಾಕಿ ನಯಮಾಡಿಸುವ ಮಾತೇ ಇಲ್ಲ, ಬದಲಿಸಲೇಬೇಕು, ಅದೂ ಎಡಬಲ ಜೋಡಿಯಾಗಿ. ತೂತು ಕೊರೆದ ಡಿಸ್ಕ್ ಕಣ್ಣಿಗೆ ಚೆಂದ, ಆದರೆ ಮೇಲಿಂದ ಮೇಲೆ ಕಾದು ಆರಿದರೆ ತೂತಿನ ಬಾಯಿಂದಲೇ ಬಿರುಕು ಹುಟ್ಟಬಹುದು. ಘಾಟಿಯ ಗಾಡಿಗೆ ಒಳಗೆ ಗಾಳಿ ಹಾಯುವ ಸಾದಾ ಎರಕದ ಡಿಸ್ಕೇ ಸಾಕು.

ಆಸ್ಬೆಸ್ಟಾಸ್ ಹೋದ ಮೇಲೆ ಪ್ಯಾಡಿನಲ್ಲಿ ಮುಖ್ಯವಾಗಿ ಮೂರು ಕುಲ ಬೆಳೆದವು. ಆರ್ಗ್ಯಾನಿಕ್ ಪ್ಯಾಡ್ ಮೆತ್ತಗೆ, ಸದ್ದಿಲ್ಲ, ಆದರೆ ಬಿಸಿಗೆ ಬೇಗ ಸೋಲುತ್ತದೆ. ಉಕ್ಕಿನ ಎಳೆ ಬೆರೆಸಿದ ಸೆಮಿ ಮೆಟಾಲಿಕ್ ಕಾವು ತಡೆಯುತ್ತದೆ, ಸ್ವಲ್ಪ ಸದ್ದು ಮಾಡುತ್ತದೆ, ಡಿಸ್ಕನ್ನೂ ಹೆಚ್ಚು ತಿನ್ನುತ್ತದೆ. ಸೆರಾಮಿಕ್ ದುಬಾರಿ, ಧೂಳು ಕಡಿಮೆ, ಪೇಟೆಯ ಓಡಾಟಕ್ಕೆ ಹಿತ. ಈ ಮಿಶ್ರಣಗಳಲ್ಲಿ ತಾಮ್ರವೂ ಇತ್ತು. ಅದರ ಪುಡಿ ಮಳೆನೀರಿನ ಜೊತೆ ಹೊಳೆ ಸೇರಿ ಸಾಲ್ಮನ್ ಮೀನುಗಳ ಮೂಗನ್ನೇ ಕೆಡಿಸುತ್ತದೆಂದು ತಿಳಿದಾಗ ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲಿ ಕಾನೂನು ಮಾಡಿದವು. ಪ್ಯಾಡ್ ಸವೆದು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಯನ್ನು ಗಿರಣಿಯಲ್ಲಿ ಕೇಳಲು ಬಹಳ ತಡವಾಗಿತ್ತು. ಹೊಳೆಯ ವಿಷಯದಲ್ಲಿ ಸ್ವಲ್ಪ ಬೇಗ ಕೇಳಿದರು.

ಗ್ಯಾರೇಜಿನಲ್ಲಿ ನಾನು ಎರಡೂ ಡಬ್ಬಿ ತಿರುಗಿಸಿ ನೋಡಿದೆ. ಅಗ್ಗದ್ದರ ಮೇಲೆ ಗಾಡಿಯ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಇನ್ನೊಂದರ ಮೇಲೆ ಆಸ್ಬೆಸ್ಟಾಸ್ ಇಲ್ಲವೆಂದು ಬರೆದಿತ್ತು, ಪ್ಯಾಡಿನ ಬೆನ್ನಿಗೆ ಹಿಡಿತದ ಗುರುತು 'ಎಫ್‌ಎಫ್' ಎಂದಿತ್ತು: ಮೊದಲ ಅಕ್ಷರ ಪ್ಯಾಡ್ ತಣ್ಣಗಿದ್ದಾಗಿನದು, ಎರಡನೆಯದು ಕಾದಾಗಿನದು. ಎರಡೂ ಒಂದೇ ಇದ್ದರೆ ಕಾದ ಮೇಲೂ ಹಿಡಿತ ಅದೇ ದರ್ಜೆಯಲ್ಲಿ ಉಳಿಯುತ್ತದೆ ಎಂದರ್ಥ. ಅದನ್ನೇ ಹಾಕಲು ಹೇಳಿದೆ. ಹೊಸ ಡಿಸ್ಕ್ ಜೋಡಿ, ಜೊತೆಗೆ ಬ್ರೇಕ್ ಆಯಿಲೂ ಬದಲಾಯಿತು. ಹಳೆಯ ಆಯಿಲ್ ತೇವ ಹೀರಿದ್ದರೆ ಬೇಗ ಕುದಿಯುತ್ತದೆ, ಪೆಡಲ್ ಆಳಕ್ಕೆ ಹೋಗಲು ಅದೂ ಕಾರಣ.

ಅಷ್ಟರಲ್ಲಿ ಕೆಲಸದ ಹುಡುಗ ಹಳೆಯ ಧೂಳು ತೆಗೆಯಲು ಗಾಳಿಯ ಪೈಪು ಹಿಡಿದು ಬಗ್ಗಿದ. "ಊದಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು" ಎಂದೆ. ಮೆಕ್ಯಾನಿಕ್ ನಕ್ಕರು: "ಮೂವತ್ತು ವರ್ಷದಿಂದ ಊದಿದ್ದೇವೆ, ಏನಾಗ್ಲಿಲ್ಲ." ನಾನು ನೆಲ್ಲಿ ಕರ್ಶಾಳ ಕತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಅಣ್ಣನೂ ಇದೇ ಕೆಲಸ ಮಾಡುತ್ತಿದ್ದದ್ದು. ಕೊನೆಗೆ ಮೆಟ್ಟಿಲು ಹತ್ತಲಿಕ್ಕೂ ಆಗ್ತಿರಲಿಲ್ಲ. ಬೀಡಿಯಿಂದ ಅಂತ ಹೇಳಿದ್ರು" ಎಂದರು. ಆಮೇಲೆ ತಾವೇ ಹೋಗಿ ಬಕೆಟಿನಲ್ಲಿ ಬಟ್ಟೆ ಅದ್ದಿ ತಂದು ಹುಡುಗನ ಕೈಗೆ ಕೊಟ್ಟರು.

ಹೊರಡುವಾಗ, "ಹೊಸ ಪ್ಯಾಡು, ಹತ್ತು ಸಲ ಮೆಲ್ಲಗೆ ಹಿಡಿದು ಬಿಡಿ, ಪೂರ್ತಿ ನಿಲ್ಲಿಸಬೇಡಿ. ಮತ್ತೆ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲೇ ಇಳೀರಿ" ಎಂದರು. ಆಗುಂಬೆಯ ತುದಿಯಲ್ಲೇ ಅದು ನನಗೆ ನೆನಪಾಗಬೇಕಿತ್ತು.