ಕೊಂದ ಲೆಕ್ಕ, ಉಳಿದ ಲೆಕ್ಕ

ಬಳ್ಳಾರಿಯಿಂದ ಉತ್ತರಕ್ಕೆ, ಕುರುಗೋಡಿನ ಕಲ್ಲುಬೆಟ್ಟಗಳನ್ನು ಹಿಂದೆ ಬಿಟ್ಟು ಸಿರುಗುಪ್ಪದ ಕಡೆಗೆ ಸಾಗಿದಂತೆ ನೆಲ ಕಪ್ಪಾಗುತ್ತದೆ, ಮರಗಳು ವಿರಳವಾಗುತ್ತವೆ. ಈ ಎರೆಯ ಬಯಲಿನ ಹಕ್ಕಿಯೊಂದಕ್ಕೆ ನಮ್ಮ ಜನ ಎರೆಭೂತವೆಂದು ಹೆಸರಿಟ್ಟರು. ಎರೆಲಡ್ಡು, ಹೆಬ್ಬಕ ಎಂಬ ಹೆಸರುಗಳೂ ಅದಕ್ಕುಂಟು. ಸುಮಾರು ಒಂದು ಮೀಟರ್ ಎತ್ತರ. ಗಂಡಾದರೆ 15 ಕಿಲೋಗ್ರಾಂವರೆಗೂ ತೂಕ. ಇಷ್ಟು ದೊಡ್ಡ ಹಕ್ಕಿ, ಒಣಗಿದ ಹುಲ್ಲಿನ ನಡುವೆ ಅಲುಗದೆ ನಿಂತರೆ ಕಣ್ಣಿಗೆ ಬೀಳುವುದಿಲ್ಲ. ಭೂತವೆಂಬ ಮಾತು ಅದಕ್ಕೆ ಒಪ್ಪುತ್ತದೆ.

ಬಯಲಿನ ಪ್ರಾಣಿಗಳ ಲೆಕ್ಕವನ್ನು ಮೊದಲು ಬರೆದಿಟ್ಟವನು ಬೇಟೆಗಾರ. 1809ರಿಂದ 1829ರವರೆಗಿನ ಅವಧಿಯಲ್ಲಿ ಅಹಮದ್‌ನಗರ ಸೀಮೆಯೊಂದರಲ್ಲೇ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬಾತ 961 ಎರೆಭೂತಗಳನ್ನು ಹೊಡೆದನೆಂದು ದಾಖಲೆಯಿದೆ. ಅದೇ ಕಾಲದಲ್ಲಿ, ಭೂಮಿಯ ದಕ್ಷಿಣದ ಅಂಚಿನ ಹಿಮದ ಸೀಮೆಯಲ್ಲಿಯೂ ಇಂತಹುದೇ ಲೆಕ್ಕ ನಡೆದಿತ್ತು. ದಕ್ಷಿಣ ಜಾರ್ಜಿಯಾ ದ್ವೀಪವೊಂದರಿಂದಲೇ 12 ಲಕ್ಷ ಸೀಲ್‌ಗಳ ತೊಗಲನ್ನು ಒಯ್ದಿರಬೇಕೆಂದು ನಾವಿಕ ಜೇಮ್ಸ್ ವೆಡೆಲ್ 1825ರಲ್ಲಿ ಅಂದಾಜು ಮಾಡಿದ. ಎರೆಯ ಬಯಲಾಗಲಿ, ಹಿಮದ ಕಡಲತೀರವಾಗಲಿ, ಮರೆಯಿಲ್ಲದ ನೆಲದಲ್ಲಿ ಪ್ರಾಣಿಗೆ ರಕ್ಷೆಯಿಲ್ಲ.

ಆಮೇಲೆ ಬೇರೊಂದು ಬಗೆಯ ಎಣಿಕೆ ಬಂತು. 1950ರ ದಶಕದಲ್ಲಿ ನೈಜೆಲ್ ಬಾನರ್ ಎಂಬ ಪ್ರಾಣಿಶಾಸ್ತ್ರಜ್ಞ ದಕ್ಷಿಣ ಜಾರ್ಜಿಯಾದ ಕೊರೆಯುವ ಗಾಳಿಯಲ್ಲಿ ಅಳಿದುಳಿದ ಸೀಲ್‌ಗಳ ಬದುಕನ್ನು ಅಭ್ಯಾಸಮಾಡಿದ. 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಸದ್ ರಹ್ಮಾನಿ ಮತ್ತು ಸಂಗಡಿಗರು ನಮ್ಮ ನೆರೆಯ ಕರ್ನೂಲು ಜಿಲ್ಲೆಯ ರೊಳ್ಳಪಾಡುವಿನಲ್ಲಿ ಎರೆಭೂತಗಳ ಜಾಡು ಹಿಡಿದರು. ಒಂದೆಡೆ ಬೆರಳು ಮರಗಟ್ಟಿಸುವ ಚಳಿ, ಇನ್ನೊಂದೆಡೆ ಕಣ್ಣು ಕತ್ತಲೆಗೊಳಿಸುವ ಬಿಸಿಲು. ಇಬ್ಬರಿಗೂ ಬೇಕಾದ ಗುಣ ಒಂದೇ: ದೂರದಲ್ಲಿ ಕೂತು, ಪ್ರಾಣಿಯನ್ನು ಬೆದರಿಸದೆ, ದಿನಗಟ್ಟಲೆ ನೋಡುವ ತಾಳ್ಮೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯ ಎರೆಭೂತಗಳು ಗೋಚರಿಸಿದ್ದೂ ಇಂತಹ ತಾಳ್ಮೆಗೇ.

ಆದರೆ ಎರಡು ಬಯಲುಗಳ ಫಲ ಒಂದೇ ಆಗಲಿಲ್ಲ. ಬೇಟೆ ನಿಂತ ಮೇಲೆ ಸೀಲ್‌ಗಳು ಮತ್ತೆ ಲಕ್ಷ ಲಕ್ಷವಾದವು. ಅವುಗಳ ಕಡಲು, ಕಡಲತೀರಗಳು ಇದ್ದಲ್ಲೇ ಇದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮ ಹಕ್ಕಿಯನ್ನೂ ಬಂದೂಕಿನಿಂದ ಕಾಪಾಡಿತು; ಹಕ್ಕಿ ಮಾತ್ರ ಹೆಚ್ಚಲಿಲ್ಲ. ಇಂದು ಇಡೀ ದೇಶದಲ್ಲಿ ಉಳಿದವು 200ಕ್ಕೂ ಕಡಿಮೆ, ಬಹುಪಾಲು ರಾಜಸ್ಥಾನದಲ್ಲಿ.

ಕಾರಣ ನೆಲದಲ್ಲಿದೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಆಯಿತು. ಕಾಲುವೆಯ ನೀರು ಹರಿದಲ್ಲೆಲ್ಲ ಜೋಳ, ಕಡಲೆ, ಹತ್ತಿಯ ಹೊಲಗಳು ಬತ್ತದ ಗದ್ದೆಗಳಾದವು. 1876-78ರ ಭೀಕರ ಕ್ಷಾಮದಲ್ಲಿ ಬೆಂದ ಬಳ್ಳಾರಿ ಸೀಮೆಗೆ ಆ ನೀರು ಬೇಡವಿತ್ತೆಂದು ಹೇಳುವ ಎದೆ ಯಾರಿಗಿದೆ? ರೈತ ಇಲ್ಲಿ ಅಪರಾಧಿಯಲ್ಲ. ಆದರೂ ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ಕಾವು ಕೊಡುವ ಹಕ್ಕಿಗೆ, ನೀರು ನಿಂತ ಗದ್ದೆಯಲ್ಲಿ ಮನೆಯಿಲ್ಲ. ಅದಕ್ಕೆ ಉಳಿದದ್ದು ಕಾಲುವೆ ಮುಟ್ಟದ ಮಳೆಯ ಹೊಲ, ಹುಲ್ಲಿನ ಬೀಳು. ಅಲ್ಲಿಯೂ ಈಗ ವಿದ್ಯುತ್ ತಂತಿಗಳು ಹಾಯ್ದಿವೆ. ನೇರ ಮುಂದಿನದು ಸರಿಯಾಗಿ ಕಾಣದ ಈ ಭಾರದ ಹಕ್ಕಿ ಹಾರುವಾಗ ತಂತಿಗೆ ಬಡಿದು ಸಾಯುತ್ತದೆ.

ಸೀಲ್‌ಗಳ ಕಥೆಯೂ ಸುಖಾಂತವೆನ್ನುವಂತಿಲ್ಲ. ಕಡಲು ಬೆಚ್ಚಗಾಗಿ, ಅವುಗಳ ಆಹಾರವಾದ ಕ್ರಿಲ್ ಎಂಬ ಸಿಗಡಿಯಂಥ ಜೀವಿ ಕಡಿಮೆಯಾದಂತೆ, ದಕ್ಷಿಣ ಜಾರ್ಜಿಯಾದಲ್ಲಿ ಅವು ಮತ್ತೆ ಇಳಿಮುಖವಾಗಿವೆ. ಕಾಯಿದೆ ಬೇಟೆಗಾರನ ಕೈ ಹಿಡಿಯಬಲ್ಲದು. ಕಡಲು ಕಾಯುವುದನ್ನು, ಎರೆ ಗದ್ದೆಯಾಗುವುದನ್ನು ಅದೊಂದೇ ತಡೆಯಲಾರದು.

ಆದುದರಿಂದ ಹಕ್ಕಿಗಳನ್ನು ಎಣಿಸಿದರಷ್ಟೇ ಸಾಲದು, ಬೀಳುಗಳನ್ನೂ ಎಣಿಸಬೇಕು. ಸರಕಾರಿ ಕಡತದಲ್ಲಿ ಪಾಳುಭೂಮಿ ಎನಿಸಿಕೊಂಡ ಹುಲ್ಲುಗಾವಲು ಕುರಿಗಾಹಿಯ ಪಾಲಿಗೆ ಪಾಳಲ್ಲ, ಎರೆಭೂತದ ಪಾಲಿಗೂ ಅಲ್ಲ. ಆ ಒಂದು ಪದವನ್ನು ತಿದ್ದಿಕೊಳ್ಳುವುದು ನಮ್ಮ ಕೈಯಲ್ಲಿದೆ. ತಿದ್ದದಿದ್ದರೆ ನಾಳಿನ ಸಿರುಗುಪ್ಪದಲ್ಲಿ ಎರೆ ಉಳಿದೀತು. ಭೂತ ಹೆಸರಿನಲ್ಲಿ ಮಾತ್ರ ಉಳಿದೀತು.