ಟ್ರಂಕಿನಲ್ಲಿ ಬಿದ್ದಿದ್ದ ಕಾಗದ

ಅಕ್ಕಲಕೋಟೆಗೆ ಬಂದವರು ಸ್ವಾಮಿ ಸಮರ್ಥರ ದರ್ಶನ ಮುಗಿಸಿ, ರಾಜವಾಡೆಯ ಶಸ್ತ್ರಾಗಾರವನ್ನೂ ನೋಡಿಕೊಂಡು ಹೋಗುವುದುಂಟು. ಭೋಸಲೆ ಅರಸರು ಕೂಡಿಸಿಟ್ಟ ಕತ್ತಿ, ಗುರಾಣಿ, ಬಂದೂಕುಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಆಯುಧ ಹಿಡಿದು ಹೋಗಿ, ಮೈ ಕೆಡಿಸಿಕೊಂಡು ಬಂದವರ ಕಾಗದಗಳನ್ನು ನಾವು ಅಷ್ಟು ಜೋಪಾನ ಮಾಡಲಿಲ್ಲ. ನಮ್ಮ ಮನೆಯಲ್ಲೇ ಅಂಥದೊಂದು ಕಾಗದ 35 ವರ್ಷ ಟ್ರಂಕಿನ ತಳದಲ್ಲಿ ಬಿದ್ದಿತ್ತು. ಅದರ ಕಥೆ ಹೇಳಬೇಕಾದರೆ ಸಿಪಾಯಿಯ ಅಂಗವೈಕಲ್ಯದ ಪೆನ್ಶನ್ ಬೆಳೆದು ಬಂದ ಇತಿಹಾಸವನ್ನೂ ಹೇಳಬೇಕಾಗುತ್ತದೆ.

ನನ್ನ ಸೋದರಮಾವ 1969ರಲ್ಲಿ ಪಲ್ಟಣಿಗೆ ಭರ್ತಿಯಾದ. ಆಗ ಡಾಕ್ಟರರು ಅವನ ಎದೆ, ಕಣ್ಣು, ಕಿವಿ ಎಲ್ಲಾ ನೋಡಿ 'ಗಟ್ಟಿ ಆಳು' ಅಂತ ಬರೆದುಕೊಂಡಿದ್ದರು. 71ರ ಲಡಾಯಿ ಕಂಡ. ಕೆಲವು ವರ್ಷದ ಮೇಲೆ ಫಿಟ್ಸ್ ಬರತೊಡಗಿತು. 1977ರಲ್ಲಿ ವೈದ್ಯಕೀಯ ಮಂಡಳಿ ಅವನನ್ನು ಶೇಕಡಾ 20 ಅಂಗವಿಕಲ ಎಂದು ಬರೆದು ಮನೆಗೆ ಕಳಿಸಿತು. ನೌಕರಿ ಎಂಟೇ ವರ್ಷದ್ದು. ಒಂದಿಷ್ಟು ಗಂಟುರೊಕ್ಕ ಸಿಕ್ಕಿತು, ತಿಂಗಳ ಪೆನ್ಶನ್ ಸಿಗಲಿಲ್ಲ.

ಮರುವರ್ಷ ಒಂದು ಕಾಗದ ಬಂತು. ನಮ್ಮ ಕಡೆಯ ಪಜೀತಿ ನಿಮಗೆ ಗೊತ್ತಿದ್ದದ್ದೇ. ಮನೆಯಲ್ಲಿ ಕನ್ನಡ, ಚಾವಡಿಯಲ್ಲಿ ಮರಾಠಿ, ಫೌಜಿನಿಂದ ಬರುವ ಕಾಗದ ಇಂಗ್ಲಿಷ್. ಊರಿನ ಯಾರೋ ಒಬ್ಬರು ಮೇಲಿನ ನಾಲ್ಕು ಸಾಲು ಓದಿ, "ಪೆನ್ಶನ್ ಇಲ್ಲ ಅಂತ ಬರದಾರ ನೋಡಪಾ" ಅಂದರು. ಮಾವ ಅದನ್ನ ಮಡಚಿ ಟ್ರಂಕಿಗೆ ಹಾಕಿದ. ಆರು ತಿಂಗಳೊಳಗೆ ಅಪೀಲು ಮಾಡಿಕೊಳ್ಳಬಹುದು ಅಂತ ಕೊನೆಯ ಸಾಲಿನಲ್ಲಿ ಬರೆದಿತ್ತು. ಅಲ್ಲೀತನಕ ಯಾರೂ ಓದಲಿಲ್ಲ.

ಇನ್ನು ಇತಿಹಾಸಕ್ಕೆ ಬರೋಣ. ಮೊದಲನೇ ಮಹಾಯುದ್ಧದಲ್ಲಿ ಮುಂಬೈ ಇಲಾಖೆಯ ಮರಾಠಾ ಪಲ್ಟಣಗಳು ಇರಾಕಿನ ಕುತ್ ಎಂಬಲ್ಲಿ ಮುತ್ತಿಗೆಗೆ ಸಿಕ್ಕು, 1916ರ ಏಪ್ರಿಲ್ 29ರಂದು ಉಳಿದ ದಂಡಿನ ಜೊತೆ ಶರಣಾದವು. ಯುದ್ಧದಲ್ಲಿ ಊನವಾಗಿ ಬಂದ ಹಿಂದೀ ಸಿಪಾಯಿಗಳಿಗೆ ಕಸಬು ಕಲಿಸಲು 1917ರಲ್ಲಿ ಮುಂಬೈಯಲ್ಲಿ ಕ್ವೀನ್ ಮೇರಿ ಹೆಸರಿನ ಶಾಲೆ ತೆರೆದರು. ಮುಂದೆ ಅದು ಪುಣೆಯ ಖಡಕಿಗೆ ಹೋಯಿತು. ಎರಡನೇ ಮಹಾಯುದ್ಧದ ಕಾಲಕ್ಕೆ, 1944ರಲ್ಲಿ, ಪುಣೆಯಲ್ಲೇ ಕೃತಕ ಕೈಕಾಲು ಕೂಡಿಸುವ ಕೇಂದ್ರ ಶುರುವಾಯಿತು.

ಕಾಲು ಹೋದವನ ಗಾಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಫಿಟ್ಸು, ಕಿವುಡು, ರಕ್ತದೊತ್ತಡ, ತಲೆ ಕೆಡುವುದು ಇವುಗಳ ಗತಿ ಏನು? ಇದು ನೌಕರಿಯಿಂದ ಬಂದದ್ದು ಅಂತ ಸಿಪಾಯಿ ಸಿದ್ಧ ಮಾಡಬೇಕೋ, ಅಲ್ಲ ಅಂತ ಸರಕಾರ ಸಿದ್ಧ ಮಾಡಬೇಕೋ? ಇಡೀ ತಂಟೆ ಇರುವುದು ಇದೊಂದು ಪ್ರಶ್ನೆಯ ಮೇಲೆ. ಬ್ರಿಟನ್ನಿನಲ್ಲಿ 1943ರಲ್ಲಿ ಈ ಭಾರವನ್ನು ಸಿಪಾಯಿಯ ಹೆಗಲಿನಿಂದ ಇಳಿಸಿ ಸರಕಾರದ ಮೇಲೆ ಹೊರಿಸಿದರು. ಅಪೀಲು ಕೇಳಲು ಬೇರೆ ನ್ಯಾಯಮಂಡಳಿಯನ್ನೂ ಅದೇ ವರ್ಷದ ಕಾಯ್ದೆಯಿಂದ ಮಾಡಿದರು.

ನಮ್ಮಲ್ಲಿ 1961ರ ಸೇನಾ ಪೆನ್ಶನ್ ನಿಯಮಾವಳಿಯ 173ನೇ ನಿಯಮ ಎರಡು ಮಾತು ಹೇಳುತ್ತದೆ. ಊನ ಶೇಕಡಾ 20 ಅಥವಾ ಹೆಚ್ಚಿರಬೇಕು. ಅದು ಫೌಜಿನ ನೌಕರಿಯಿಂದ ಬಂದಿರಬೇಕು, ಇಲ್ಲವೇ ನೌಕರಿಯಿಂದ ಉಲ್ಬಣಿಸಿರಬೇಕು. 1982ರ ಹಕ್ಕಿನ ನಿಯಮಗಳು ಇದನ್ನು ಬಿಡಿಸಿ ಹೇಳಿದವು: ಭರ್ತಿಯ ಹೊತ್ತಿಗೆ ಕಾಗದದಲ್ಲಿ ರೋಗ ಬರೆದಿಲ್ಲವಾದರೆ ಆಳು ಗಟ್ಟಿ ಇದ್ದ ಅಂತಲೇ ಹಿಡಿಯಬೇಕು, ಸಿಪಾಯಿ ಪುರಾವೆ ಒದಗಿಸಬೇಕಿಲ್ಲ, ಸಂಶಯ ಬಂದರೆ ಅದರ ಲಾಭ ಅವನಿಗೇ ಸಲ್ಲಬೇಕು.

ನಿಯಮ ಹೀಗಿದ್ದರೂ ವೈದ್ಯಕೀಯ ಮಂಡಳಿಯ ಕಾಗದಗಳಲ್ಲಿ ಒಂದು ಸಿದ್ಧ ಷರಾ ಬೀಳುತ್ತಿತ್ತು: ನೌಕರಿಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ. ಇಂಗ್ಲಿಷಿನಲ್ಲಿ ಅದರ ನಾಲ್ಕು ಮೊದಲಕ್ಷರ ಕೂಡಿಸಿ ಓದಿದರೆ 'ನಾನಾ' ಅಂತ ಆಗುತ್ತದೆ. ಇದನ್ನು ಕೇಳಿದಾಗ ನಮ್ಮ ಮಾವ, "ಯಾವ ನಾನಾನೋ ಇವ, ನನ್ನ ಪೆನ್ಶನ್ ತಿಂದಾವ?" ಅಂದಿದ್ದ. ಎಷ್ಟೋ ಮನೆಗಳ ಪೆನ್ಶನ್ ಈ ನಾನಾನ ಬಾಯಿಗೆ ಬಿದ್ದಿದೆ.

ಮೊದಲು ಇಂಥ ತಕರಾರಿಗೆ ಹೈಕೋರ್ಟಿಗೇ ಹೋಗಬೇಕಿತ್ತು. 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು, 2009ರಲ್ಲಿ ಕೆಲಸ ಶುರುಮಾಡಿತು. ಸೊಲ್ಲಾಪುರದವರಿಗೆ ಅದರ ಮುಂಬೈ ಪೀಠ. ಸುಪ್ರೀಂ ಕೋರ್ಟು 2013ರ ಜುಲೈ 2ರಂದು ಧರಂವೀರ್ ಸಿಂಗ್ ಎಂಬ ಸಿಪಾಯಿಯ ಖಟ್ಲೆಯಲ್ಲಿ ತೀರ್ಪು ಕೊಟ್ಟಿತು. ಅವನ ರೋಗವೂ ಫಿಟ್ಸೇ. ಭರ್ತಿಯ ಕಾಗದದಲ್ಲಿ ರೋಗ ಇರಲಿಲ್ಲ, ನೌಕರಿಗೆ ಸಂಬಂಧ ಯಾಕಿಲ್ಲ ಅನ್ನುವುದಕ್ಕೆ ಮಂಡಳಿ ಕಾರಣ ಬರೆದಿರಲಿಲ್ಲ. ಹಾಗಾಗಿ ಪೆನ್ಶನ್ ಕೊಡಲೇಬೇಕು ಅಂತ ಕೋರ್ಟು ಹೇಳಿತು. 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪಿನಿಂದ, ಶೇಕಡಾ 50ಕ್ಕಿಂತ ಕಡಿಮೆ ಇದ್ದ ಊನವನ್ನು 50 ಅಂತ ಹಿಡಿಯುವ ಸವಲತ್ತು ಅವಧಿ ಮುಗಿಸಿ ನಿವೃತ್ತರಾದವರಿಗೂ ಸಿಕ್ಕಿತು.

ಧರಂವೀರನ ಸುದ್ದಿಯನ್ನು ನಾನು ಇದೇ ವಾಚನಾಲಯದಲ್ಲಿ ಮರಾಠಿ ಪೇಪರಿನಲ್ಲಿ ಓದಿದೆ. ಮನೆಗೆ ಹೋಗಿ ಟ್ರಂಕು ತೆಗೆಸಿದೆ. ಮಾವ, "ಈಗ್ಯಾಕ ಬಿಡೋ ಅದನ್ನ, ಮುಗಿದ ಹೋದ ಮಾತು" ಅಂದ. ಮುಗಿದಿರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಭರ್ತಿಯ ಮತ್ತು ಮಂಡಳಿಯ ಕಾಗದ ತರಿಸಿದೆವು. ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗಿ ವಕೀಲರನ್ನು ಹಿಡಿದೆವು. 2014ರಲ್ಲಿ ಅರ್ಜಿ ಬಿತ್ತು, 2016ರಲ್ಲಿ ತೀರ್ಪಾಯಿತು. ಮಾವ ಗೆದ್ದ.

ಆದರೆ ಬಾಕಿ ಸಿಕ್ಕದ್ದು ಅರ್ಜಿಯ ಹಿಂದಿನ ಮೂರು ವರ್ಷದ್ದು ಮಾತ್ರ. 2008ರ ತರ್ಸೆಮ್ ಸಿಂಗ್ ತೀರ್ಪು ಹಾಗೇ ಹೇಳುತ್ತದೆ. ಪೆನ್ಶನ್ ಕೊಡದಿರುವುದು ಪ್ರತಿ ತಿಂಗಳೂ ನಡೆಯುವ ತಪ್ಪು, ಆದ್ದರಿಂದ ತಡವಾದರೂ ಹಕ್ಕು ಉಳಿಯುತ್ತದೆ. ಹಿಂದಿನ ಬಾಕಿ ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹೆಚ್ಚು ದಕ್ಕದು. 1977ರಿಂದ 2011ರವರೆಗಿನ 34 ವರ್ಷ ಹೋಯಿತು. ಅದರಲ್ಲಿ 32 ವರ್ಷ ನಮ್ಮ ಅತ್ತಿ ಬೀಡಿ ಕಟ್ಟಿ ಮನೆ ನಡೆಸಿದ್ದಳು. 2009ರಲ್ಲಿ ತೀರಿಕೊಂಡಳು. ಮೊದಲ ಪೆನ್ಶನ್ ಬಂದ ದಿನ ಮಾವ ಪಾಸಬುಕ್ಕು ತಂದು ಅವಳ ಫೋಟೋದ ಮುಂದೆ ಇಟ್ಟ. ಏನೂ ಮಾತಾಡಲಿಲ್ಲ.

ಅದಕ್ಕೇ ಇಷ್ಟು ಬರೆದದ್ದು. ಹಕ್ಕು ಸಾಯೂದಿಲ್ಲ, ಬಾಕಿ ಸಾಯ್ತದ. ಯಾರ ಮನೆಯಲ್ಲಿ ಟ್ರಂಕು ಇದೆಯೋ ಇವತ್ತೇ ತೆಗೆದು ನೋಡಿರಿ. ಡಿಸ್ಚಾರ್ಜ್ ಪುಸ್ತಕ, ವೈದ್ಯಕೀಯ ಮಂಡಳಿಯ ವರದಿ, 'ಇಲ್ಲ' ಅಂದ ಕಾಗದ, ಈ ಮೂರು ಮುಖ್ಯ. ಮೊದಲ ಅಪೀಲು, ಎರಡನೇ ಅಪೀಲು ಇಲಾಖೆಯ ಸಮಿತಿಗಳ ಮುಂದೆ. ಅಲ್ಲಿ ಆಗದಿದ್ದರೆ ನ್ಯಾಯಮಂಡಳಿ. ಅಲ್ಲಿ ಮುದ್ದತು ಆರು ತಿಂಗಳು, ತಕ್ಕ ಕಾರಣ ತೋರಿಸಿದರೆ ತಡವನ್ನು ಮನ್ನಿಸಬಹುದು. ವಕೀಲರಿಗೆ ರೊಕ್ಕ ಎಲ್ಲಿಂದ ತರೂದು ಅಂತ ಹೆದರಬ್ಯಾಡ್ರಿ. 1987ರ ಕಾನೂನು ಸೇವಾ ಕಾಯ್ದೆಯ 12ನೇ ಕಲಮಿನಂತೆ ಅಂಗವಿಕಲರಿಗೂ ಹೆಣ್ಣುಮಕ್ಕಳಿಗೂ ಪುಕ್ಕಟೆ ವಕೀಲರು ಸಿಗುತ್ತಾರೆ. 2025ರ ಜುಲೈ 26ರಂದು ಸೈನಿಕ ಕುಟುಂಬಗಳಿಗಾಗಿಯೇ ವೀರ ಪರಿವಾರ ಸಹಾಯತಾ ಯೋಜನೆ ಶುರುವಾಗಿದೆ. ಜಿಲ್ಲಾ ಸೈನಿಕ ಕಚೇರಿಗಳಲ್ಲೇ ಕಾನೂನು ನೆರವು ಕೊಡುವುದು ಅದರ ಉದ್ದೇಶ.

ಹುಡುಗರಿಗೂ ಒಂದು ಮಾತು. 2023ರ ಸೆಪ್ಟೆಂಬರ್ 21ರ ನಂತರ ಫೌಜು ಬಿಟ್ಟವರಿಗೆ ಹೊಸ ನಿಯಮಗಳಿವೆ, ಹಳಬರಿಗೆ ಹಳೆಯವೇ. ಅಗ್ನಿವೀರರಿಗೆ ಪೆನ್ಶನ್ ಇಲ್ಲ. ಊನ ಶೇಕಡಾ 100, 75, 50 ಆದರೆ 44, 25, 15 ಲಕ್ಷ ಒಮ್ಮೆಗೇ ಕೊಡುವ ನಿಯಮ ಇದೆ. ಅಲ್ಲಿಯೂ ನೌಕರಿಯಿಂದ ಬಂದದ್ದೋ ಅಲ್ಲವೋ ಅನ್ನುವ ಅದೇ ಹಳೇ ಪ್ರಶ್ನೆ ಕೂತಿದೆ. ಮಂಡಳಿಯ ಮುಂದೆ ನಿಂತಾಗ ಏನು ಬರೆದರು ಅಂತ ಕೇಳಿ ತಿಳಕೊಳ್ಳಿರಿ, ಪ್ರತಿ ಇಸಿದುಕೊಳ್ಳಿರಿ.

ಇಂಗ್ಲಿಷ್ ಕಾಗದ ಬಂದರೆ ಮಡಚಿ ಇಡಬ್ಯಾಡ್ರಿ. ವಾಚನಾಲಯಕ್ಕೆ ತರ್ರಿ. ಕೊನೆಯ ಸಾಲಿನತನಕ ಓದಿ ಹೇಳೋಣ.