ಪಾಪ್-ಅಪ್ ಸಂದೇಶಗಳು ಮತ್ತು ಮನೆಯ ಕಂಪ್ಯೂಟರಿನ ಸುರಕ್ಷತೆ

ಕಂಪ್ಯೂಟರಿನಲ್ಲಿ ಕೆಲಸ ಮಾಡುವಾಗ ಕೇಳದೆಯೇ ಪರದೆಯ ಮೇಲೆ ಎದ್ದು ನಿಲ್ಲುವ ಕಿಟಕಿಗೆ ಪಾಪ್-ಅಪ್ ಎನ್ನುತ್ತಾರೆ. ಜಾಹೀರಾತು, ಬಹುಮಾನದ ಆಮಿಷ, ವೈರಸ್ ಬಂದಿದೆ ಎಂಬ ಸುಳ್ಳು ಎಚ್ಚರಿಕೆ, ಹೀಗೆ ಇದರ ವೇಷಗಳು ಹಲವು. ಇದನ್ನು ತಡೆಯಲು ನಡೆದ ಪ್ರಯತ್ನಗಳನ್ನು ಹಿಂಬಾಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಬಳಕೆದಾರರಿಗೆ ಹೇಳಿದ ಬುದ್ಧಿಮಾತಿಗಿಂತ, ತಯಾರಕರು ಅಪಾಯದ ಸೌಲಭ್ಯಗಳನ್ನು ಮೊದಲೇ ಮುಚ್ಚಿ ಕೊಟ್ಟದ್ದರಿಂದ ಹೆಚ್ಚು ಮನೆಗಳು ಉಳಿದುಕೊಂಡವು.

ಪಾಪ್-ಅಪ್‌ಗೂ ಮೊದಲಿನ ಕಾಟ ವೈರಸ್; ಇಂಟರ್ನೆಟ್ ಬರುವ ಮೊದಲು ಫ್ಲಾಪಿಗಳೇ ಅದನ್ನು ಹರಡುತ್ತಿದ್ದವು. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ಬರೆದ ‘ಬ್ರೇನ್’ ಹಾಗೆಯೇ ಜಗತ್ತು ಸುತ್ತಿತು. ಪುಣೆಯಲ್ಲಿ, ಕ್ಯಾಲ್ಕುಲೇಟರ್ ರಿಪೇರಿಯಿಂದ ಮೇಲೆ ಬಂದ ಕೈಲಾಶ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ 1990ರ ದಶಕದ ಮಧ್ಯದಲ್ಲಿ ಕ್ವಿಕ್ ಹೀಲ್ ಆಂಟಿವೈರಸ್ ತಂತ್ರಾಂಶವನ್ನು ಮಾರುಕಟ್ಟೆಗೆ ತಂದರು.

ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಭಾರತದ ಜನರಿಗೆ ಇಂಟರ್ನೆಟ್ ಸೇವೆ ತೆರೆಯಿತು. ಬೆಳಗಾವಿ ಜಿಲ್ಲೆಯ ಕೊಣ್ಣೂರ, ಗೋಕಾಕ, ಹುಕ್ಕೇರಿಯಂಥ ಊರುಗಳಿಗೆ ಅದು ಬಂದದ್ದು ನಂತರ, ದೂರವಾಣಿ ತಂತಿಯ ಡಯಲ್-ಅಪ್ ಆಗಿ. ಅಷ್ಟರಲ್ಲಿ ಪಾಪ್-ಅಪ್ ಜಾಹೀರಾತು ಹುಟ್ಟಿಯಾಗಿತ್ತು. 1990ರ ದಶಕದ ಕೊನೆಯಲ್ಲಿ ಟ್ರೈಪಾಡ್ ಕಂಪನಿಗಾಗಿ ಅದರ ಕೋಡ್ ಬರೆದ ಈಥನ್ ಝುಕರ್ಮನ್ 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಜನರನ್ನು ಹೆಚ್ಚು ಕಂಗೆಡಿಸಿದ್ದು ಮಾತ್ರ ಬ್ರೌಸರ್ ತೆರೆಯದಿದ್ದರೂ ಬರುತ್ತಿದ್ದ ಇನ್ನೊಂದು ಬಗೆ. ಬೂದು ಬಣ್ಣದ ಚೌಕ, ಮೇಲೆ ‘ಮೆಸೆಂಜರ್ ಸರ್ವಿಸ್’ ಎಂಬ ಶೀರ್ಷಿಕೆ, ಕಳಿಸಿದವರ ಹೆಸರು, ದಿನ, ವೇಳೆ, ಕೆಳಗೆ ‘ಓಕೆ’ ಎಂಬ ಒಂದೇ ಗುಂಡಿ. ಕಚೇರಿಯ ಜಾಲದಲ್ಲಿ ‘ಪ್ರಿಂಟ್ ಮುಗಿಯಿತು’, ‘ಸರ್ವರ್ ಬಂದ್ ಆಗಲಿದೆ’ ಎಂದು ತಿಳಿಸಲು ವಿಂಡೋಸ್‌ನಲ್ಲಿ ಇಟ್ಟಿದ್ದ ಸೇವೆಯಿದು. ವಿಂಡೋಸ್ 2000 ಮತ್ತು ಎಕ್ಸ್‌ಪಿಯಲ್ಲಿ ಅದು ಮನೆಯ ಕಂಪ್ಯೂಟರಿನಲ್ಲೂ ಚಾಲೂ ಇತ್ತು. 2002ರ ಹೊತ್ತಿಗೆ ಜಾಹೀರಾತುದಾರರು ಇಂಟರ್ನೆಟ್ ವಿಳಾಸಗಳ ಸಾಲಿಗೆ ಸಾಲನ್ನೇ ಹಿಡಿದು, 135ನೆಯ ಪೋರ್ಟ್ ಎಂಬ ಸಂಪರ್ಕದ್ವಾರದ ಮೂಲಕ ಸಂದೇಶ ಸುರಿಸತೊಡಗಿದರು. ಅದು ವಿಂಡೋಸ್‌ನದೇ ಮಾತಿನಂತೆ ಕಾಣುತ್ತಿದ್ದುದರಿಂದ ಜನ ನಂಬಿದರು. ಇಂಗ್ಲಿಷ್ ಅಷ್ಟಾಗಿ ಓದದ ಮನೆಗಳಲ್ಲಿ ನಿಜವಾದ ಎಚ್ಚರಿಕೆ ಯಾವುದು, ಮೋಸದ್ದು ಯಾವುದು ಎಂದು ಬೇರ್ಪಡಿಸುವುದು ಇನ್ನೂ ಕಷ್ಟವಾಗಿತ್ತು. ಆ ಕಷ್ಟ ಇಂದಿಗೂ ಪೂರ್ತಿ ನೀಗಿಲ್ಲ.

ತಿಳಿದವರು ಸರ್ವಿಸಸ್ ಪಟ್ಟಿ ತೆರೆದು, ‘ಮೆಸೆಂಜರ್’ ಹುಡುಕಿ ‘ಡಿಸೇಬಲ್ಡ್’ ಮಾಡುತ್ತಿದ್ದರು. ಉಚಿತವಾಗಿ ಆಗುವ ಈ ಕೆಲಸಕ್ಕೆ ದುಡ್ಡು ಕೇಳುವ ಕಂಪನಿಗಳೂ ಹುಟ್ಟಿದವು. ಪಾಪ್-ಅಪ್ ತಡೆಯುವ ತಂತ್ರಾಂಶವನ್ನು ಪಾಪ್-ಅಪ್ ಕಳಿಸಿಯೇ ಮಾರುತ್ತಿದ್ದ ಡಿ-ಸ್ಕ್ವೇರ್ಡ್ ಸೊಲ್ಯೂಷನ್ಸ್ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2003ರ ನವೆಂಬರಿನಲ್ಲಿ ಮೊಕದ್ದಮೆ ಹೂಡಿತು. ಅದೇ ವರ್ಷದ ಆಗಸ್ಟಿನಲ್ಲಿ ತಾನಾಗಿ ಹರಡುವ ಬ್ಲಾಸ್ಟರ್ ಎಂಬ ಕಂಪ್ಯೂಟರ್ ಹುಳು (ವರ್ಮ್) 135ನೆಯ ಪೋರ್ಟಿನಿಂದಲೇ ನುಗ್ಗಿ, ಲಕ್ಷಾಂತರ ಕಂಪ್ಯೂಟರುಗಳನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಆಗುವಂತೆ ಮಾಡಿತ್ತು. ಜಾಹೀರಾತು ಬರುವ ದಾರಿಯಲ್ಲಿ ದಾಳಿಯೂ ಬರುತ್ತದೆ ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು.

2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಎಂಬ ಅಪ್‌ಡೇಟ್ ಈ ಇತಿಹಾಸದ ದೊಡ್ಡ ತಿರುವು. ಮೆಸೆಂಜರ್ ಸೇವೆಯನ್ನು ಅದು ಮುಚ್ಚಿತು, ಫೈರ್‌ವಾಲ್ ತಾನಾಗಿ ಚಾಲೂ ಆಗುವಂತೆ ಮಾಡಿತು, ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಪಾಪ್-ಅಪ್ ತಡೆ ಸೇರಿಸಿತು. ಆದರೆ ಅದರ ಪೂರ್ಣ ಕಡತ ಸುಮಾರು 270 ಎಂಬಿ. ಡಯಲ್-ಅಪ್‌ನಲ್ಲಿ ಇಳಿಸಿಕೊಳ್ಳಲು ಕನಿಷ್ಠ ಹತ್ತು ತಾಸು ಬೇಕು. ನಕಲಿ ವಿಂಡೋಸ್ ಇದ್ದವರಂತೂ ಅಪ್‌ಡೇಟ್ ಎಂದರೇ ಹಿಂಜರಿಯುತ್ತಿದ್ದರು. ಹೀಗಾಗಿ ಸಣ್ಣ ಊರುಗಳಿಗೆ ಈ ರಕ್ಷಣೆ ತಡವಾಗಿ ತಲುಪಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ 256 ಕೆಬಿಪಿಎಸ್ ವೇಗದ ಬ್ರಾಡ್‌ಬ್ಯಾಂಡ್ ಆರಂಭಿಸಿತು. ಅದರ ಮೋಡೆಮ್ ರೌಟರ್‌ನಂತೆ ಕೆಲಸ ಮಾಡಿದ ಕಡೆ ಕಂಪ್ಯೂಟರಿನ ವಿಳಾಸ ಹೊರಗಿನವರಿಗೆ ಕಾಣದಾಗಿ, ಕರೆಯದೆ ಬರುವ ಸಂದೇಶಗಳು ಅಲ್ಲೇ ನಿಂತವು.

ಮುಂದೆ ವೈರಸ್ ಬಂದದ್ದು ಪೆನ್ ಡ್ರೈವ್‌ನಿಂದ. ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊ, ಸೈಬರ್ ಕೆಫೆಗಳಲ್ಲಿ ಚುಚ್ಚಿದ ಡ್ರೈವ್ ಮನೆಗೆ ಬಂದು, ಆಟೋರನ್ ಮೂಲಕ ತಾನೇ ಓಡುತ್ತಿತ್ತು. ‘ಫಾರ್ಮ್ಯಾಟ್ ಹೊಡೆದು ಕೊಡ್ರಿ’ ಎನ್ನುವುದೇ ಊರಿನ ಮದ್ದಾಯಿತು. ಅದರಲ್ಲಿ ಎಷ್ಟೋ ಮನೆಗಳ ಮದುವೆಯ ಫೋಟೊಗಳು ಹೋದವು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್ ಡ್ರೈವ್ ಆಟೋರನ್ ನಿಲ್ಲಿಸಿತು. 2012ರ ವಿಂಡೋಸ್ 8ರಿಂದ ಡಿಫೆಂಡರ್ ಆಂಟಿವೈರಸ್ ವಿಂಡೋಸ್ ಜೊತೆಗೇ ಬರತೊಡಗಿತು.

ಇಂದಿನ ಕಾಟ ಬೇರೆ. 2015ರಲ್ಲಿ ಕ್ರೋಮ್ ಜಾಲತಾಣಗಳಿಗೆ ನೋಟಿಫಿಕೇಶನ್ ಕಳಿಸುವ ಅವಕಾಶ ಕೊಟ್ಟಿತು. ‘ನೀವು ರೋಬೋ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ನಂಬಿಸಿ ಒಪ್ಪಿಗೆ ಪಡೆಯುವ ಮೋಸ ಅಲ್ಲಿಂದ ಬೆಳೆಯಿತು. ಇದು ವೈರಸ್ ಅಲ್ಲದ್ದರಿಂದ ಫಾರ್ಮ್ಯಾಟ್ ಬೇಕಿಲ್ಲ. ಕ್ರೋಮ್ ಸೆಟ್ಟಿಂಗ್ಸ್‌ನ ‘ಸೈಟ್ ಸೆಟ್ಟಿಂಗ್ಸ್’ನಲ್ಲಿ ನೋಟಿಫಿಕೇಶನ್ ಪಟ್ಟಿ ತೆರೆದು ಆ ತಾಣವನ್ನು ತೆಗೆದರೆ ಸಾಕು. ಪರದೆ ತುಂಬ ಕೆಂಪಾಗಿ, ಫೋನ್ ನಂಬರ್ ತೋರಿಸಿ ಹೆದರಿಸುವ ಪುಟ ಇದಕ್ಕಿಂತ ಅಪಾಯಕಾರಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು ಪೂರ್ಣ ಪರದೆಯಿಂದ ಹೊರಬಂದು ಪುಟ ಮುಚ್ಚಿದರೆ, ಅಥವಾ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿದರೆ ಅದು ಹೋಗುತ್ತದೆ. ಇಂಥ ಕರೆಗಳಿಗೆ ಉತ್ತರಿಸುವ ನಕಲಿ ಕಾಲ್ ಸೆಂಟರುಗಳು ಬೆಂಗಳೂರಿನಲ್ಲೂ ಪೊಲೀಸರ ಕೈಗೆ ಸಿಕ್ಕಿವೆ.

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಈಗ ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆಗಳಿವೆ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಕಂಪ್ಯೂಟರ್ ಶುದ್ಧಗೊಳಿಸುವ ತಂತ್ರಾಂಶಗಳನ್ನು ಉಚಿತವಾಗಿ ಕೊಡುತ್ತಿದೆ. ಮೋಸದಲ್ಲಿ ಹಣ ಹೋದರೆ ತಡಮಾಡದೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲಾಗದ ಹಳೆಯ ಕಂಪ್ಯೂಟರುಗಳಿಗೆ ವಿಸ್ತರಿತ ಅಪ್‌ಡೇಟ್ ಯೋಜನೆಗೆ ಸೇರುವುದು ಅಥವಾ ಲಿನಕ್ಸ್ ಹಾಕಿಸುವುದು ಉಳಿದಿರುವ ದಾರಿಗಳು.